ಕದ್ರಿ ಪಾರ್ಕಲ್ಲಿ ಹಕ್ಕಿ ಫೋಟೋ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಕದ್ರಿ ಪಾರ್ಕಲ್ಲಿ ಉದ್ದ ಲೆನ್ಸ್ ಹಿಡಿದು ನಿಂತರೆ ವಾಕಿಂಗ್‌ಗೆ ಬಂದವರು ಸುಮ್ನೆ ಹೋಗುವುದಿಲ್ಲ, ಏನಾದರೊಂದು ಕೇಳಿಯೇ ಹೋಗುತ್ತಾರೆ. ಮನೆಗೆ ಬಂದರೆ ವಾಟ್ಸಾಪಲ್ಲಿ ಇನ್ನೊಂದಿಷ್ಟು ಪ್ರಶ್ನೆ. ಜಾಸ್ತಿ ಸಲ ಕೇಳಿದವನ್ನು, ಕೇಳಿದವರ ಮಾತಲ್ಲೇ, ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ.

## ಈಗಷ್ಟೇ ಶುರು ಮಾಡುವವರು ಕೇಳುವುದು

ಊರೊಳಗಿನ ಪಾರ್ಕಲ್ಲಿ ಕಾಗೆ, ಪಾರಿವಾಳ ಬಿಟ್ಟು ಬೇರೆ ಹಕ್ಕಿ ಉಂಟಾ ಮಾರಾಯ್ರೆ?

ಧಾರಾಳ ಉಂಟು. ಮಡಿವಾಳ, ಪಿಕಳಾರ, ಕೆಂಬೂತ, ಕೋಗಿಲೆ, ಸೂರಕ್ಕಿ, ಕಾಜಾಣ, ಮರಕುಟಿಗ, ಮಿಂಚುಳ್ಳಿ ಎಲ್ಲ ಮಂಗಳೂರಿನ ಮರಗಳಲ್ಲೇ ಇರುವವು. ತಲೆ ಎತ್ತಿದರೆ ಗರುಡ, ಹದ್ದು ಸುತ್ತುತ್ತಿರುತ್ತವೆ. ಬೆಳಗಿನಿಂದ ಸಂಜೆವರೆಗೆ 'ಕುಟ್ರೂ ಕುಟ್ರೂ' ಅಂತ ಕೂಗುವ ಹಸಿರು ಮೈಯ ಕುಟ್ರು ಹಕ್ಕಿಯನ್ನು ಕೇಳದವರು ಈ ಊರಲ್ಲಿ ಇಲ್ಲ, ನೋಡಿದವರು ಮಾತ್ರ ಕಡಿಮೆ.

ಪಾರ್ಕಿನ ಹಕ್ಕಿಗಳಿಗೆ ಜನರ ಓಡಾಟ ಅಭ್ಯಾಸ ಆಗಿರುತ್ತದೆ. ಕಾಡಲ್ಲಿ ನಲವತ್ತು ಮೀಟರ್ ದೂರದಿಂದಲೇ ಹಾರಿಹೋಗುವ ಜಾತಿ ಇಲ್ಲಿ ಹತ್ತು ಮೀಟರಿಗೆ ಕೂತಿರುವುದುಂಟು. ಕಲಿಯುವವರಿಗೆ ಆಗುಂಬೆಗಿಂತ ಕದ್ರಿಯೇ ವಾಸಿ ಅನ್ನುವುದು ಅದಕ್ಕೇ.

ಮೊಬೈಲಲ್ಲಿ ಆಗುವುದಿಲ್ವಾ? ನನ್ನದು ನೂರು ಪಟ್ಟು ಝೂಮ್ ಇರುವ ಫೋನ್.

ಆ ನೂರು ಪಟ್ಟಿನಲ್ಲಿ ಗಾಜಿನ ಲೆನ್ಸಿನ ಕೆಲಸ ಸ್ವಲ್ಪ, ಉಳಿದದ್ದು ಚಿತ್ರವನ್ನು ಹಿಗ್ಗಿಸುವುದು. ಹಕ್ಕಿ ಯಾವುದು ಅಂತ ಗುರುತಿಸಲು ಸಾಕು, ಗರಿ ಲೆಕ್ಕ ಹಾಕಲು ಸಾಲದು. 8×42ರ (ಎಂಟು ಪಟ್ಟು ಹಿಗ್ಗಿಸಿ ತೋರಿಸುವ) ಬೈನಾಕ್ಯುಲರ್ ಇದ್ದರೆ ಅದರ ಕಣ್ಣಿನ ತುದಿಗೆ ಫೋನಿನ ಕ್ಯಾಮೆರಾ ಒತ್ತಿ ಹಿಡಿದು ತೆಗೆಯಿರಿ. ಕೈ ಪಳಗಲು ಸ್ವಲ್ಪ ಸಮಯ ಬೇಕು, ಆಮೇಲೆ ಆಶ್ಚರ್ಯ ಪಡುವಂಥ ಚಿತ್ರ ಬರುತ್ತದೆ. ನನ್ನನ್ನು ಕೇಳಿದರೆ ಕ್ಯಾಮೆರಾಕ್ಕಿಂತ ಮೊದಲು ಬೈನಾಕ್ಯುಲರ್ ತಗೊಳ್ಳಿ.

ಬಜೆಟ್ ಕಡಿಮೆ. ಯಾವ ಕ್ಯಾಮೆರಾ ತಗೊಳ್ಳಲಿ?

ಎರಡು ದಾರಿ ಇದೆ. ಒಂದು, ಲೆನ್ಸ್ ಬದಲಾಯಿಸಲು ಬಾರದ ಉದ್ದ ಝೂಮಿನ ಕ್ಯಾಮೆರಾ. ನಿಕಾನ್ ಪಿ900, ಪಿ950ರಲ್ಲಿ 83 ಪಟ್ಟು ಝೂಮ್, ಅಂದರೆ 2000 ಮಿ.ಮೀ. ಲೆನ್ಸಿಗೆ ಸಮ. ಬಿಸಿಲಲ್ಲಿ ಕೂತ ಹಕ್ಕಿಗೆ ಇವು ಭರ್ಜರಿ. ಆದರೆ ಒಳಗೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು. ದೊಡ್ಡ ಮರಗಳ ನೆರಳಿಗೆ ಬಂದ ಕೂಡಲೇ ಚಿತ್ರ ಕಾಳುಕಾಳಾಗುತ್ತದೆ, ಹಾರುವ ಹಕ್ಕಿಯನ್ನು ಹಿಡಿಯುವುದೂ ಕಷ್ಟ.

ಇನ್ನೊಂದು, ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ) ಮತ್ತು 70-300 ಮಿ.ಮೀ. ಲೆನ್ಸ್. ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಅಳತೆಯ) ಸೆನ್ಸರಿನ ಬಾಡಿಯಾದರೆ 300 ಮಿ.ಮೀ. ಸುಮಾರು 450ರ ನೋಟ ಕೊಡುತ್ತದೆ. ಎಲ್ಲರೂ ಕನ್ನಡಿ ಇಲ್ಲದ ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದ ಹಳೆ ಡಿಎಸ್‌ಎಲ್‌ಆರ್ ಈಗ ಅಗ್ಗಕ್ಕೆ ಸಿಗುತ್ತದೆ. ನಮ್ಮ ಕರಾವಳಿಯಲ್ಲಿ ಬಳಸಿದ ಲೆನ್ಸ್ ಕೊಳ್ಳುವಾಗ ಮಾತ್ರ ಒಂದು ಕೆಲಸ ಮಾಡಿ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಸಣ್ಣ ಎಳೆಗಳು ಕಂಡರೆ ಅದು ಫಂಗಸ್. ಎಷ್ಟು ಅಗ್ಗ ಹೇಳಿದರೂ ಬೇಡ.

ಬೆಳಿಗ್ಗೆ ಐದಕ್ಕೇ ಎದ್ದು ಹೋಗಬೇಕಾ?

ಬೇಡ. ನಾವು ದೇಶದ ಪಶ್ಚಿಮ ಕರಾವಳಿಯವರು, ಸೂರ್ಯ ನಮ್ಮಲ್ಲಿಗೆ ನಿಧಾನಕ್ಕೆ ಬರುತ್ತಾನೆ. ಜನವರಿಯಲ್ಲಿ ಇಲ್ಲಿ ಬೆಳಗಾಗುವುದು ಹತ್ತಿರಹತ್ತಿರ ಏಳಕ್ಕೆ, ಮೇ ಕೊನೆಗೆ ಆರು ದಾಟಿದ ಮೇಲೆ. ಬಿಸಿಲು ಮರದ ತುದಿ ಮುಟ್ಟಿದ ಹೊತ್ತಿಂದ ಸುಮಾರು ಎರಡು ಗಂಟೆ ಒಳ್ಳೆಯ ಬೆಳಕು. ಆಮೇಲೆ ನೆರಳು ಕಪ್ಪಾಗಿ, ಬಿಸಿಲು ಚುಚ್ಚತೊಡಗುತ್ತದೆ. ಸಂಜೆ ನಾಲ್ಕೂವರೆ ಮೇಲೆ ಮತ್ತೆ ಬೆಳಕು ಚೆನ್ನಾಗಿರುತ್ತದೆ, ಆದರೆ ಪಾರ್ಕಲ್ಲಿ ಮಕ್ಕಳ ಗಲಾಟೆಯೂ ಅದೇ ಹೊತ್ತಿಗೆ.

ಕ್ಯಾಮೆರಾ ತಗೊಂಡು ಹೋದರೆ ಗೇಟಲ್ಲಿ ತಡೀತಾರಾ?

ಕದ್ರಿ ಪಾರ್ಕ್ ತೋಟಗಾರಿಕೆ ಇಲಾಖೆಯದ್ದು. ಹಕ್ಕಿ ನೋಡುವವರ ಬಗ್ಗೆ ಅವರಿಗೆ ತಕರಾರು ಇರುವುದು ಕಡಿಮೆ. ಮದುವೆ ಜೋಡಿಯ ಶೂಟಿಂಗ್, ಟ್ರೈಪಾಡ್, ಲೈಟ್ ಅಂದರೆ ಪ್ರಶ್ನೆ ಬರುತ್ತದೆ. ಮೊದಲ ದಿನವೇ ಗೇಟಲ್ಲಿ ಇದ್ದವರಿಗೆ ಹೇಳಿ ಒಳಗೆ ಹೋಗಿ. ಆಮೇಲೆ ಅವರೇ ಕರೆದು "ಸರ್, ಆ ಮರದಲ್ಲಿ ಗೂಬೆ ಇದೆ" ಅನ್ನುತ್ತಾರೆ. ಜನವರಿ 26ರ ಆಸುಪಾಸಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಹಕ್ಕಿಗೆ ಅಂತ ಹೋಗಬೇಡಿ, ಜನರ ತಲೆಯೇ ಕಾಣುವುದು.

ಇನ್ನೊಂದು ಮಾತು. ಪಕ್ಕದ ಗುಡ್ಡದಲ್ಲಿ ಮಂಜುನಾಥ ದೇವಸ್ಥಾನದ ಕೆರೆಗಳಿವೆ. ಅಲ್ಲಿ ಜನ ಸ್ನಾನ ಮಾಡುತ್ತಿರುತ್ತಾರೆ. ಮಿಂಚುಳ್ಳಿ ಎಷ್ಟು ಚೆನ್ನಾಗಿ ಕೂತಿದ್ದರೂ ಆ ಕಡೆ ಲೆನ್ಸ್ ಎತ್ತಬೇಡಿ.

ಮಿಲಿಟರಿ ಬಟ್ಟೆ ಹಾಕಬೇಕಾ?

ಪಾರ್ಕಲ್ಲಿ ಅದು ಹಕ್ಕಿಗಿಂತ ಜಾಸ್ತಿ ಸೆಕ್ಯುರಿಟಿಯವರ ಕಣ್ಣಿಗೆ ಬೀಳುತ್ತದೆ. ಮಾಸಲು ಬಣ್ಣದ ಯಾವುದಾದರೂ ಅಂಗಿ ಸಾಕು. ಬಿಳಿ ಮತ್ತು ಕಣ್ಣಿಗೆ ಹೊಡೆಯುವ ಬಣ್ಣ ಬೇಡ. ಸೊಳ್ಳೆಗೆ ತುಂಬು ತೋಳು ಒಳ್ಳೆಯದು.

## ಹಕ್ಕಿ ಸಿಗುವುದು ಹೇಗೆ

ಶಬ್ದ ಮಾತ್ರ ಕೇಳುತ್ತೆ, ಹಕ್ಕಿ ಕಾಣುವುದೇ ಇಲ್ಲ. ನಿಮಗೆ ಹೇಗೆ ಸಿಗುತ್ತೆ?

ಹಕ್ಕಿಯನ್ನು ಹುಡುಕುವುದು ಬಿಡಿ, ಮರವನ್ನು ಹುಡುಕಿ. ಈ ವಾರ ಯಾವ ಮರ ಹೂ ಬಿಟ್ಟಿದೆ, ಯಾವುದು ಹಣ್ಣು ಬಿಟ್ಟಿದೆ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಗೋಳಿಮರ ಹಣ್ಣಾದ ದಿನಗಳಲ್ಲಿ ಕುಟ್ರು, ಕೋಗಿಲೆ, ಮೈನಾ ಎಲ್ಲ ಒಂದೇ ಮರದಲ್ಲಿ. ಹೊಂಗಾರೆ, ಕೆಂಪು ಬೂರುಗ ಹೂ ಬಿಡುವುದು ಎಲೆ ಉದುರಿದ ಮೇಲೆ, ಚಳಿಗಾಲದ ಕೊನೆಗೆ. ಎಲೆ ಅಡ್ಡ ಇಲ್ಲ, ಹೂವಿನ ಕೆಂಪು ಬೇರೆ. ಅಂಥ ಒಂದು ಮರದ ಕೆಳಗೆ ಒಂದು ಗಂಟೆ ನಿಂತರೆ ಇಡೀ ಪಾರ್ಕ್ ಸುತ್ತಿದ್ದಕ್ಕಿಂತ ಜಾಸ್ತಿ ಸಿಗುತ್ತದೆ. ಗಸಗಸೆ ಹಣ್ಣಿನ ಮರವನ್ನು ಮರೆಯಬೇಡಿ, ಅದು ವರ್ಷದ ಬಹುಪಾಲು ಅಂಗಡಿ ತೆರೆದೇ ಇರುತ್ತದೆ.

ನನ್ನ ಇಷ್ಟದ ಜಾಗ ಕೇಪಳದ ಪೊದೆ. ಎದೆ ಎತ್ತರಕ್ಕೆ ಹೂ, ಕುತ್ತಿಗೆ ನೋಯಿಸಿ ಮೇಲೆ ನೋಡಬೇಕಾಗಿಲ್ಲ. ಸೂರಕ್ಕಿ ಬಂದದ್ದು ಗೊತ್ತಾಗುವುದು ಅದರ ಚಿಕ್ಕ ಚಿಟ್ ಚಿಟ್ ಸದ್ದಿಗೆ. ಗೊಂಚಲಿನ ಕೆಳಗಿನ ಕಡ್ಡಿಗೆ ಕಾಲು ಊರಿ, ಮೈ ಬಗ್ಗಿಸಿ, ಒಂದೊಂದೇ ಹೂವಿನ ಕೊಳವೆಗೆ ಕೊಕ್ಕು ಇಳಿಸುತ್ತದೆ. ಒಂದು ಗೊಂಚಲು ಮುಗಿಸಿ ಪಕ್ಕದ್ದಕ್ಕೆ. ಪೊದೆ ಬಿಟ್ಟು ಹೋದರೂ ಕಾಯಿರಿ, ಸ್ವಲ್ಪ ಹೊತ್ತಿಗೆ ಅದೇ ಪೊದೆಗೆ ವಾಪಸ್ ಬರುತ್ತದೆ, ಎಷ್ಟೋ ಸಲ ಅದೇ ಕಡ್ಡಿಗೆ. ಆ ಕಡ್ಡಿಗೆ ಮೊದಲೇ ಫೋಕಸ್ ಮಾಡಿಟ್ಟುಕೊಂಡವರಿಗೆ ಫೋಟೋ ಸಿಗುತ್ತದೆ. ಕೊಕ್ಕು ವಿಪರೀತ ಉದ್ದ, ಕುಡುಗೋಲಿನಂತೆ ಬಾಗಿದ್ದರೆ ಅದು ಲೋಟನ್ ಸೂರಕ್ಕಿ. ಗಂಡು ನೆರಳಲ್ಲಿ ಬರೀ ಕಪ್ಪು. ಬಿಸಿಲಿಗೆ ತಿರುಗಿದ ಕ್ಷಣ ಹಸಿರು, ನೇರಳೆ ಮಿಂಚುತ್ತದೆ. ಹಾಗಾಗಿ ಬೆಳಿಗ್ಗೆ ಪೊದೆಯ ಪೂರ್ವಕ್ಕೆ, ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ.

ಹತ್ತಿರ ಹೋದ ಕೂಡಲೇ ಪುರ್ ಅಂತ ಹಾರುತ್ತೆ. ಏನು ಮಾಡುವುದು?

ನೇರ ನಡೆದು ಹೋಗಬೇಡಿ. ಓರೆಯಾಗಿ, ಬೇರೆಲ್ಲಿಗೋ ಹೋಗುವವರ ಹಾಗೆ, ಎರಡು ಹೆಜ್ಜೆ ಇಟ್ಟು ನಿಲ್ಲಿ. ದಿಟ್ಟಿಸಿ ನೋಡುವುದೂ ಹಕ್ಕಿಗೆ ಬೆದರಿಕೆಯೇ. ಅದು ತಿನ್ನುವುದು ನಿಲ್ಲಿಸಿ ಕತ್ತು ನೀಟಿ ನಿಮ್ಮನ್ನೇ ನೋಡತೊಡಗಿದರೆ ಅಲ್ಲೇ ನಿಲ್ಲಬೇಕು ಅಂತ ಅರ್ಥ. ಹಿಕ್ಕೆ ಹಾಕಿ ಮೈ ತಗ್ಗಿಸಿದರೆ ಮುಗಿಯಿತು, ಇನ್ನೇನು ಹಾರುತ್ತದೆ.

ಇದಕ್ಕಿಂತ ಒಳ್ಳೆಯ ಉಪಾಯ ಕೂತುಕೊಳ್ಳುವುದು. ನೆಲದಲ್ಲಿ ಆಡುವ ಮಡಿವಾಳ, ಹುಂಡುಕೋಳಿ ಕೂತವರ ಹತ್ತಿರ ತಾವಾಗಿಯೇ ಬರುತ್ತವೆ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿದರೆ ಹಿನ್ನೆಲೆಯೂ ದೂರ ಸರಿದು ಮಂಜುಮಂಜಾಗುತ್ತದೆ.

ಯಾವ ತಿಂಗಳು ಒಳ್ಳೇದು?

ಅಕ್ಟೋಬರಿನಿಂದ ಮಾರ್ಚ್. ಉತ್ತರದಿಂದ ವಲಸೆ ಬಂದ ಹೊನ್ನಕ್ಕಿ, ಬೂದು ಕಾಜಾಣ, ಸಣ್ಣ ಉಲಿಯಕ್ಕಿಗಳು ಇರುವ ಕಾಲ. ಏಪ್ರಿಲ್, ಮೇ ಸೆಕೆ ಜೋರು, ಆದರೆ ಊರಿನ ಹಕ್ಕಿಗಳು ಹಾಡುವುದು ಆಗಲೇ. ಜೂನಿನಿಂದ ಸೆಪ್ಟೆಂಬರ್ ಮಳೆ. ಮಳೆ ಬಿಟ್ಟ ಹತ್ತು ನಿಮಿಷದಲ್ಲಿ ಹಕ್ಕಿಗಳು ಗರಿ ಒಣಗಿಸಲು ಬಯಲಿಗೆ ಬಂದು ಕೂರುತ್ತವೆ. ಮೋಡದ ಮೆತ್ತನೆ ಬೆಳಕು, ತೊಳೆದ ಎಲೆ. ಮಳೆಗಾಲದಲ್ಲಿ ಕ್ಯಾಮೆರಾ ಕಪಾಟಿಗೆ ಸೇರಿಸುವವರು ಇದನ್ನು ಕಳೆದುಕೊಳ್ಳುತ್ತಾರೆ.

ನವರಂಗ ಹಕ್ಕಿ (ಇಂಡಿಯನ್ ಪಿಟ್ಟಾ) ಬೇಕು. ಎಲ್ಲಿ ಸಿಗುತ್ತೆ ಹೇಳಿ.

ಇಂಥದೇ ಮರ ಅಂತ ಹೇಳುವುದಿಲ್ಲ, ಕಾರಣ ಮುಂದೆ ಬರುತ್ತದೆ. ಹುಡುಕುವುದು ಹೇಗೆ ಅಂತ ಹೇಳುತ್ತೇನೆ. ನವರಂಗ ಮರಿ ಮಾಡುವುದು ಹೆಚ್ಚಾಗಿ ಮಧ್ಯ ಭಾರತ, ಹಿಮಾಲಯದ ತಪ್ಪಲಲ್ಲಿ. ಅಕ್ಟೋಬರ್ ಹೊತ್ತಿಗೆ ನಮ್ಮಲ್ಲಿಗೆ ಬಂದು ಬೇಸಿಗೆಗೆ ವಾಪಸ್ ಹೋಗುತ್ತದೆ. ಅದರ ಊಟ ಪೂರ್ತಿ ನೆಲದಲ್ಲಿ, ತರಗೆಲೆ ಮಗುಚಿ ಹುಳ ಹೆಕ್ಕುವುದು. ಅಂದರೆ ಗುಡಿಸಿ ಚೊಕ್ಕ ಇಟ್ಟ ಜಾಗದಲ್ಲಿ ಅದಕ್ಕೆ ಕೆಲಸ ಇಲ್ಲ. ಪಾರ್ಕಿನ ಹಿಂಬದಿ, ಕಾಂಪೌಂಡಿನ ಮೂಲೆ, ಮರಗಿಡ ಜಾಸ್ತಿ ಇರುವ ಹಳೆ ಮನೆಗಳ ಹಿತ್ತಲು, ಇಂಥಲ್ಲಿ ಬೆಳಕು ಹರಿಯುವಾಗ ಮತ್ತು ಮಬ್ಬುಗತ್ತಲಿಗೆ ಎರಡು ಸ್ವರದ ಸೀಟಿ ಕೇಳಿ. ಕಾಲು ಎತ್ತದೆ ಎಲೆಗಳ ನಡುವೆ ಕಣ್ಣಾಡಿಸಿ.

ತೆಗೆದ ಹಕ್ಕಿ ಯಾವುದು ಅಂತ ಗೊತ್ತಾಗುವುದು ಹೇಗೆ? ಆ್ಯಪ್ ನಂಬಬಹುದಾ?

ಮರ್ಲಿನ್ ಆ್ಯಪ್ ಉಚಿತ, ಫೋಟೋ ಕೊಟ್ಟರೂ ಕೂಗು ಕೇಳಿಸಿದರೂ ಹೆಸರು ಹೇಳುತ್ತದೆ. ಫೋಟೋದಲ್ಲಿ ಬಹಳಷ್ಟು ಸರಿ. ಕೂಗಿನಲ್ಲಿ ಹುಷಾರು. ಭೀಮರಾಜ, ಎಲೆಹಕ್ಕಿ ಬೇರೆ ಹಕ್ಕಿಗಳ ದನಿಯನ್ನು ಅಚ್ಚುಕಟ್ಟಾಗಿ ನಕಲು ಮಾಡುತ್ತವೆ. ಆ್ಯಪ್ ಸಾಲಾಗಿ ಮೂರು ಹೆಸರು ತೋರಿಸುತ್ತದೆ, ಮರದಲ್ಲಿ ಇರುವುದು ಒಂದೇ ಭೀಮರಾಜ. ಕಣ್ಣಲ್ಲಿ ಕಂಡ ಮೇಲೆ ಬರೆದುಕೊಳ್ಳಿ. ದಿನದ ಪಟ್ಟಿಯನ್ನು ಹಕ್ಕಿ ಲೆಕ್ಕ ಇಡುವ ವೆಬ್‌ಸೈಟ್ ಇಬರ್ಡ್‌ಗೆ ಹಾಕಿದರೆ ನಿಮ್ಮ ಲೆಕ್ಕವೂ ಉಳಿಯುತ್ತದೆ, ಹಕ್ಕಿಗಳ ಬಗ್ಗೆ ಕೆಲಸ ಮಾಡುವವರಿಗೂ ಉಪಯೋಗ.

## ಕ್ಯಾಮೆರಾ ಕೈಗೆ ಬಂದ ಮೇಲೆ

ಫೋಟೋ ಎಲ್ಲ ಶೇಕ್. ಲೆನ್ಸ್ ಹಾಳಾ?

ಲೆನ್ಸ್ ಹಾಳಾಗಿರುವುದು ಅಪರೂಪ. ಶಟರ್ ಸ್ಪೀಡ್ (ಬೆಳಕಿನ ಬಾಗಿಲು ತೆರೆದು ಮುಚ್ಚುವ ವೇಗ) ಸಾಲುತ್ತಿಲ್ಲ. 450ಕ್ಕೆ ಸಮನಾದ ಲೆನ್ಸಿಗೆ ಕನಿಷ್ಠ 1/500 ಸೆಕೆಂಡ್ ಬೇಕು. ಲೆನ್ಸಿನಲ್ಲಿ ನಡುಕ ತಡೆಯುವ ವ್ಯವಸ್ಥೆ ಇದೆ ಅಂತ 1/60ಕ್ಕೆ ಇಳಿಸುವವರು ಇದ್ದಾರೆ. ಅದು ನಿಮ್ಮ ಕೈಯ ನಡುಕ ತಡೆಯುತ್ತದೆ, ಹಕ್ಕಿಯ ಕತ್ತು ತಿರುಗುವುದನ್ನಲ್ಲ.

ಮ್ಯಾನುವಲ್ ಮೋಡ್, 1/800, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಪೂರ್ತಿ ತೆರೆದು, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸ್ಪಂದನೆ) ಆಟೋ, ಮಿತಿ 6400. ಇಷ್ಟರಿಂದ ಶುರು ಮಾಡಿ. ಕಾಳು ಕಂಡರೂ ಪರವಾಗಿಲ್ಲ, ಅದನ್ನು ಆಮೇಲೆ ಕಡಿಮೆ ಮಾಡಬಹುದು, ಅಲುಗಿದ್ದನ್ನು ಸರಿ ಮಾಡಲು ಆಗುವುದಿಲ್ಲ. ಹತ್ತು ಗಂಟೆ ಮೇಲೆ ದೂರದ ಹಕ್ಕಿ ಎಲ್ಲ ಮೆತ್ತಗೆ ಬರುತ್ತಿದ್ದರೆ ಅದು ಕಾದ ನೆಲದಿಂದ ಏಳುವ ಬಿಸಿಗಾಳಿಯ ಕೆಲಸ. ಯಾವ ಸೆಟ್ಟಿಂಗೂ ಅದಕ್ಕೆ ಮದ್ದಲ್ಲ, ಹತ್ತಿರದ ಹಕ್ಕಿ ತೆಗೆಯಿರಿ.

ಬೆಳ್ಳಕ್ಕಿ ಬಿಳಿ ಮುದ್ದೆ ಆಗುತ್ತೆ, ಗರುಡ ಕಪ್ಪು ಕಾಗೆ ಆಗುತ್ತೆ. ಯಾಕೆ?

ಕ್ಯಾಮೆರಾ ಕಂಡದ್ದನ್ನೆಲ್ಲ ಸರಾಸರಿ ಬೂದು ಮಾಡಲು ನೋಡುತ್ತದೆ. ಕಡು ಹಸಿರಿನ ನಡುವೆ ಸಣ್ಣ ಬೆಳ್ಳಕ್ಕಿ ಇದ್ದರೆ, ಕತ್ತಲಿದೆ ಅಂದುಕೊಂಡು ಬೆಳಕು ಏರಿಸುತ್ತದೆ, ಬಿಳಿ ಗರಿಯ ವಿವರ ಸುಟ್ಟುಹೋಗುತ್ತದೆ. ಅಲ್ಲಿ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಬೆಳಕು ಏರಿಸಿ ಇಳಿಸುವ ಸೆಟ್ಟಿಂಗ್) ಮೈನಸ್ ಒಂದು. ಬೆಳ್ಳನೆ ಆಕಾಶದ ಎದುರು ಗರುಡ ಇದ್ದರೆ ತದ್ವಿರುದ್ಧ, ಪ್ಲಸ್ ಒಂದು ಅಥವಾ ಒಂದೂವರೆ. ಆಕಾಶ ಬಿಳಿಯಾಗಲಿ, ಗರುಡನ ಕಂದು ಬಣ್ಣ ಉಳಿಯಬೇಕು. ರಾ ಫೈಲಿನಲ್ಲಿ (ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಫೈಲ್) ತೆಗೆದರೆ ತಿದ್ದಲು ಜಾಗ ಜಾಸ್ತಿ, ಆದರೂ ಸುಟ್ಟ ಬಿಳಿ ವಾಪಸ್ ಬಾರದು.

ಫೋಕಸ್ ಎಲ್ಲ ಎದುರಿನ ಎಲೆಗೇ ಹೋಗುತ್ತೆ.

ಒಂದೇ ಫೋಕಸ್ ಪಾಯಿಂಟ್ ಇಟ್ಟು ಕಣ್ಣಿಗೆ ಗುರಿ ಹಿಡಿಯಿರಿ. ಹಕ್ಕಿಯ ಕಣ್ಣು ಹುಡುಕುವ ಹೊಸ ಕ್ಯಾಮೆರಾಗಳೂ ದಟ್ಟ ಕೊಂಬೆಯಲ್ಲಿ ಸೋಲುತ್ತವೆ. ಮೊದಲು ಹಕ್ಕಿಯಷ್ಟೇ ದೂರದಲ್ಲಿರುವ ಬೋಳು ಕೊಂಬೆಗೆ ಫೋಕಸ್ ಮಾಡಿ, ಆಮೇಲೆ ಹಕ್ಕಿಯ ಕಡೆ ತಿರುಗಿ.

ಹಾರುವ ಹಕ್ಕಿ ಒಂದೂ ಸಿಗುತ್ತಿಲ್ಲ.

ಗರುಡನಿಂದ ಶುರು ಮಾಡಿ. ದೊಡ್ಡದು, ನಿಧಾನ, ಸುತ್ತು ಹೊಡೆದು ಮತ್ತೆ ಬರುತ್ತದೆ. ಶಟರ್ 1/2000, ಫೋಕಸ್ ಕಂಟಿನ್ಯುಯಸ್ (ಹಕ್ಕಿ ಸರಿದಂತೆ ಫೋಕಸ್ಸೂ ಸರಿಯುವುದು), ಪಾಯಿಂಟ್ ಒಂದರ ಬದಲು ಗುಂಪು. ದೂರದಲ್ಲಿರುವಾಗಲೇ ಲೆನ್ಸಲ್ಲಿ ಹಿಡಿದು, ಜೊತೆಗೇ ತಿರುಗುತ್ತಾ, ಹತ್ತಿರ ಬಂದಾಗ ಒತ್ತಿ. ಎರಡೂ ಕಣ್ಣು ತೆರೆದಿಡುವ ಅಭ್ಯಾಸ ಮಾಡಿಕೊಳ್ಳಿ.

ಮಿಂಚುಳ್ಳಿಗೆ ಬೇರೆ ಲೆಕ್ಕ. ಅದನ್ನು ಹಿಂಬಾಲಿಸಲು ಆಗುವುದಿಲ್ಲ. ಬೇಟೆಯಾಡಿ ಮೊದಲಿನ ಕೊಂಬೆಗೇ ವಾಪಸ್ ಬರುವ ಚಾಳಿ ಅದಕ್ಕಿದೆ. ಹಿಡಿದ ಮಿಡತೆಯನ್ನೋ ಓತಿಯನ್ನೋ ಕೊಂಬೆಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿದು ನುಂಗುತ್ತದೆ. ಅಷ್ಟು ಹೊತ್ತು ನಿಮ್ಮ ಕಡೆ ಅದರ ಲಕ್ಷ್ಯವೇ ಇರುವುದಿಲ್ಲ.

ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಬರದ ಹಾಗೆ ಏನು ಮಾಡಬೇಕು?

ನಮ್ಮೂರಿನವರಿಗೆ ಕ್ಯಾಮೆರಾ ಪುಸ್ತಕಗಳು ಹೇಳಿಕೊಡದ ಪಾಠ ಇದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರು, ಜುಲೈಯಲ್ಲಿ ಒಗೆದ ಬಟ್ಟೆ ವಾರ ಆದರೂ ಒಣಗದು. ಫಂಗಸ್ ಬೀಜ ಗಾಳಿಯಲ್ಲಿ ಯಾವಾಗಲೂ ಇರುತ್ತದೆ. ತೇವ ಮತ್ತು ಕತ್ತಲೆ ಸಿಕ್ಕಿದರೆ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತಾ ಬೆಳೆಯುತ್ತದೆ.

ಕೈಯಲ್ಲಿ ಹಣ ಇದ್ದರೆ ಡ್ರೈ ಕ್ಯಾಬಿನೆಟ್ ತಗೊಂಡು ತೇವಾಂಶ ಶೇ. 40ರಿಂದ 50ರ ನಡುವೆ ಇಡಿ. ಇಲ್ಲದಿದ್ದರೆ ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಂದು ಹಿಡಿ ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಮೀಟರ್. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ಅಡುಗೆಯ ಬಾಣಲೆಯಲ್ಲಿ ಬೇಡ, ನೀಲಿ ಜೆಲ್ಲಿನಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ. ಅಕ್ಕಿ ಡಬ್ಬದಲ್ಲಿ ಹಾಕಿ ಅನ್ನುವವರ ಮಾತು ಕೇಳಬೇಡಿ, ಅಕ್ಕಿ ಹುಡಿ ಒಳಗೆ ಸೇರುತ್ತದೆ. ಲೆನ್ಸಿನ ಜೊತೆ ಬಂದ ಚರ್ಮದ ಚೀಲ, ಮರದ ಕಪಾಟು ಎರಡೂ ಫಂಗಸ್ಸಿನ ತವರು.

ಎಲ್ಲದಕ್ಕಿಂತ ಅಗ್ಗದ ಮದ್ದು ಬಳಸುವುದು. ದಿನಾ ಗಾಳಿ ಬೆಳಕು ಕಂಡ ಲೆನ್ಸಿಗೆ ಫಂಗಸ್ ಬರುವುದು ಕಡಿಮೆ. ಇನ್ನು, ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರತೆಗೆದರೆ ಗಾಜಿನ ಮೇಲೆ ನೀರಾಡುತ್ತದೆ. ಬ್ಯಾಗಿನ ಜಿಪ್ ಹಾಕಿಯೇ ಅರ್ಧ ಗಂಟೆ ಬಿಡಿ, ಅಥವಾ ಕೊನೆಯ ಹದಿನೈದು ನಿಮಿಷ ಎಸಿ ಆರಿಸಿ ಕಿಟಕಿ ಇಳಿಸಿ ಬನ್ನಿ.

## ಚರ್ಚೆ ಬಿಸಿಯಾಗುವ ಪ್ರಶ್ನೆಗಳು

ಮೊಬೈಲಲ್ಲಿ ಕೂಗು ಹಾಕಿದರೆ ಹಕ್ಕಿ ಓಡಿ ಬರುತ್ತೆ. ತಪ್ಪೇನು?

ಅದು ಓಡಿ ಬರುವುದು ಪ್ರೀತಿಯಿಂದ ಅಲ್ಲ, ತನ್ನ ಜಾಗಕ್ಕೆ ಇನ್ನೊಬ್ಬ ನುಗ್ಗಿದ ಅಂತ ಜಗಳಕ್ಕೆ. ಮರಿಗೆ ಹುಳ ಹುಡುಕಬೇಕಾದ ಹೊತ್ತಲ್ಲಿ ಇಲ್ಲದ ಶತ್ರುವನ್ನು ಹುಡುಕುತ್ತಾ ಇರುತ್ತದೆ. ದಿನಕ್ಕೆ ನಾಲ್ಕು ಫೋಟೋಗ್ರಾಫರ್ ಬರುವ ಪಾರ್ಕಲ್ಲಿ ನಾಲ್ವರೂ ಹೀಗೆ ಮಾಡಿದರೆ ಅದರ ಗತಿ ಏನು? ನಾನು ಹಾಕುವುದಿಲ್ಲ, ಹಾಕುವವರ ಜೊತೆ ಹೋಗುವುದೂ ಇಲ್ಲ.

ಗೂಡಿನ ಫೋಟೋ ತೆಗೆಯಬಹುದಾ? ದೂರದಿಂದ ಮಾತ್ರ.

ಬಿಡಿ. ನೀವು ನಿಂತು ನೋಡುವುದನ್ನು ಕಾಗೆಯೂ ನೋಡುತ್ತಿರುತ್ತದೆ. ಚೆನ್ನಾಗಿ ಕಾಣಲಿ ಅಂತ ಅಡ್ಡದ ಎಲೆ ಕತ್ತರಿಸಿದರೆ ಬಿಸಿಲು, ಮಳೆ, ಕೆಂಬೂತ ಎಲ್ಲಕ್ಕೂ ಬಾಗಿಲು ತೆರೆದಂತೆ. ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅನ್ನುವುದರೊಳಗೆ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಮನೆ ಸಿಟೌಟಿನ ಗಿಡದಲ್ಲಿ ಸಿಂಪಿಗ ಗೂಡು ಕಟ್ಟಿದರೆ ಕಿಟಕಿಯ ಒಳಗಿನಿಂದ ಕಣ್ಣಲ್ಲಿ ನೋಡಿ ಖುಷಿಪಡಿ.

ಮರಿ ನೆಲಕ್ಕೆ ಬಿದ್ದಿದೆ. ಎತ್ತಿಕೊಂಡು ಹೋಗಲಾ?

ಮೈತುಂಬ ಗರಿ, ಮೊಂಡು ಬಾಲ, ಕುಪ್ಪಳಿಸುತ್ತಿದೆ ಅಂದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿದೆ. ತಂದೆತಾಯಿ ಹತ್ತಿರದಲ್ಲೇ ಇರುತ್ತವೆ, ನೀವು ಸರಿಯುವುದನ್ನೇ ಕಾಯುತ್ತಿರುತ್ತವೆ. ನಾಯಿ ಬೆಕ್ಕಿನ ಭಯ ಇದ್ದರೆ ಪಕ್ಕದ ಪೊದೆಗೆ ಏರಿಸಿ ಬಿಡಿ. ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಗರಿಯೇ ಬಾರದ ಮರಿಯಾದರೆ, ಗೂಡು ಕೈಗೆ ಸಿಗುವಂತಿದ್ದರೆ ಅದರಲ್ಲೇ ವಾಪಸ್ ಇಡಿ.

ಪಿಲಿಕುಳದಲ್ಲಿ ತೆಗೆದ ಹಾರ್ನ್‌ಬಿಲ್ ಸ್ಪರ್ಧೆಗೆ ಕಳಿಸಬಹುದಾ?

ಪಿಲಿಕುಳದ ಕೆರೆ, ಮರಗಳಲ್ಲಿ ತಾವಾಗಿ ಬಂದ ಕಾಡುಹಕ್ಕಿಗಳೂ ಇವೆ, ಜೈವಿಕ ಉದ್ಯಾನದ ಬಲೆಯೊಳಗೆ ಸಾಕಿದವೂ ಇವೆ. ಬಲೆಯೊಳಗಿನದ್ದನ್ನು ಕಾಡಿನದ್ದು ಅಂತ ಕಳಿಸಿದರೆ ಮೋಸ. ವನ್ಯಜೀವಿ ಸ್ಪರ್ಧೆಗಳು ಸಾಕಿದ ಪ್ರಾಣಿಪಕ್ಷಿಯನ್ನು ಸಾಮಾನ್ಯವಾಗಿ ತಗೊಳ್ಳುವುದೂ ಇಲ್ಲ. ಕಲಿಯಲು ಮಾತ್ರ ಬಲೆಯೊಳಗಿನ ಹಕ್ಕಿ ಚೆನ್ನ, ಅಡಿಬರಹದಲ್ಲಿ ನಿಜ ಬರೆಯಿರಿ.

ಗೂಬೆ ಎಲ್ಲಿದೆ ಅಂತ ಗ್ರೂಪಲ್ಲಿ ಹಾಕಿದರೆ ಎಲ್ಲರಿಗೂ ಸಿಗುತ್ತಲ್ವಾ?

ಸಿಗುತ್ತದೆ, ಅದೇ ಸಮಸ್ಯೆ. ಶನಿವಾರ ಹಾಕಿದ ಲೊಕೇಶನ್‌ಗೆ ಭಾನುವಾರ ಹತ್ತು ಮಂದಿ ಬರುತ್ತಾರೆ. ಒಬ್ಬ ಕಣ್ಣು ತೆರೆಯಲಿ ಅಂತ ಕಲ್ಲೆಸೆಯುತ್ತಾನೆ, ಇನ್ನೊಬ್ಬ ಫ್ಲ್ಯಾಶ್ ಹೊಡೆಯುತ್ತಾನೆ. ಗೂಬೆ ಎದ್ದು ಹಾರಿತೋ, ಹಗಲಿಡೀ ಕಾಗೆಗಳ ಕೈಯಲ್ಲಿ ಸಿಕ್ಕಿಬೀಳುತ್ತದೆ. ಕಾಗೆ, ಪಿಕಳಾರಕ್ಕೆ ಲೊಕೇಶನ್ ಹಾಕಿ, ಅಡ್ಡಿಯಿಲ್ಲ. ಗೂಬೆ, ನವರಂಗ, ಗೂಡಿಗೆ 'ಮಂಗಳೂರು' ಅಂತ ಬರೆದರೆ ಸಾಕು. ಕೇಳಿದವರು ಹೇಗೆ ನಡೆದುಕೊಳ್ಳುತ್ತಾರೆ ಅಂತ ಗೊತ್ತಿದ್ದರೆ ಕರೆದುಕೊಂಡು ಹೋಗಿ ತೋರಿಸಿ.

ಕದ್ರಿ ಸಾಕಾಯ್ತು. ಮುಂದೆ ಎಲ್ಲಿಗೆ ಹೋಗಲಿ?

ಅಳಿವೆಗಳಿಗೆ. ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವ ಬೆಂಗ್ರೆ, ನಂದಿನಿ ಮತ್ತು ಶಾಂಭವಿ ಕೂಡುವ ಸಸಿಹಿತ್ಲು, ಉಡುಪಿ ಕಡೆ ಕೋಡಿ ಬೆಂಗ್ರೆ. ಚಳಿಗಾಲದಲ್ಲಿ ಕಡಲಕ್ಕಿ, ಗೊರವಗಳ ಹಿಂಡು ಇರುತ್ತದೆ. ಅಲ್ಲಿ ಗಡಿಯಾರಕ್ಕಿಂತ ಭರತ ಇಳಿತ, ಅಂದರೆ ಕಡಲ ನೀರಿನ ಏರಿಳಿತ, ಮುಖ್ಯ. ಇಳಿತದಲ್ಲಿ ಕೆಸರು ಬಯಲಾಗಿ ಹಕ್ಕಿಗಳು ದೂರ ಚದುರಿರುತ್ತವೆ. ನೀರು ಏರತೊಡಗುವಾಗ ಹೋಗಿ ಮರಳ ಮೇಲೆ ಕೂತರೆ, ಉಳಿದ ಕೆಸರಿನ ಅಂಚಿನಲ್ಲಿ ಅವೇ ನಿಮ್ಮ ಕಡೆ ಸರಿದು ಬರುತ್ತವೆ. ಭರತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಹೋದ ಭಾನುವಾರದ ಟೈಮು ಈ ಭಾನುವಾರಕ್ಕೆ ನಡೆಯುವುದಿಲ್ಲ, ಹೊರಡುವ ಮುಂಚೆ ಉಬ್ಬರವಿಳಿತದ ಪಟ್ಟಿ ನೋಡಿ. ಮೀನುಗಾರರ ಬಲೆ ಹರಡಿದ ಜಾಗ ತುಳಿಯಬೇಡಿ. ಮನೆಗೆ ಬಂದ ಕೂಡಲೇ ಕ್ಯಾಮೆರಾದ ಮೇಲಿನ ಉಪ್ಪನ್ನು ಸ್ವಲ್ಪ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಡಬ್ಬಕ್ಕೆ ಹಾಕಿ.